ಹಾಜರಿ

ಪೋಜ್ನಾನ್ ಊರಲ್ಲಿ, ಸೆಪ್ಟೆಂಬರಿನ ಒಂದು ಗುರುವಾರ ರಾತ್ರಿ
ಗಾಜಿನಂಗಡಿಯ ಕಾವಲು ನನ್ನದು.
ಹನ್ನೊಂದಕ್ಕೆ ಬಂದಳು ಗೆನೊವೆಫಾ.
ಮಡಚುವ ಸ್ಟೂಲು, ಫ್ಲಾಸ್ಕು, ಮೊಣಕಾಲಿಗೆ ಕಂಬಳಿ ತುಂಡು,
ಜಿಡ್ಡುಗಟ್ಟಿದ ನೋಟುಬುಕ್ಕು.

ನಿಲ್ಲುವುದು ಇವಳ ಕಸುಬು.
ಬೇರೆಯವರ ಪರವಾಗಿ ನಿಲ್ಲುವುದು, ಗಂಟೆಗಿಷ್ಟು ಎಂದು.
ಎಂಬತ್ತೊಂದರಲ್ಲಿ ಹಂದಿಮಾಂಸಕ್ಕೆ ನಿಂತಳು,
ಬಟ್ಟೆ ಒಗೆಯುವ ಯಂತ್ರಕ್ಕೆ ಹದಿನೇಳು ರಾತ್ರಿ,
ಒಮ್ಮೆ ಯಾತಕ್ಕೆಂದು ಗೊತ್ತಿಲ್ಲದೆಯೂ ನಿಂತಳಂತೆ.
ಸಿಕ್ಕಿದ್ದು ಮಕ್ಕಳ ಬೂಟು, ಎರಡೂ ಎಡಗಾಲಿನವು.
ತಗೊಂಡಳು.

ಆಮೇಲೆ ಸರ್ಕಾರ ಬಿತ್ತು, ಅಂಗಡಿಗಳು ತುಂಬಿದವು,
ಸಾಲುಗಳು ಸತ್ತವು; ಇವಳ ಅನ್ನಕ್ಕೆ ಕಲ್ಲು.
ಮತ್ತೆ ಜೀವ ಕೊಟ್ಟದ್ದು ಈ ಕಂಪನಿ.
ವರ್ಷಕ್ಕೊಂದು ಫೋನು, ವರ್ಷಕ್ಕೊಂದು ಜಾಗರಣೆ.
ಆಗ ನೋಡಬೇಕಿತ್ತು ನೀವು:
ಟ್ರಾಮ್ ನಿಲ್ದಾಣ ದಾಟಿ, ಬೇಕರಿ ದಾಟಿ, ಮೂಲೆ ತಿರುಗಿ
ನಾನೂರು ಜನ.
ರಾತ್ರಿ ಎರಡಕ್ಕೆ ಇವಳು ಹಾಜರಿ ಕರೆಯುವಳು,
ಓಗೊಡದವನ ಹೆಸರಿಗೆ ಅಡ್ಡಗೀಟು.
ವಕೀಲರು, ಹಲ್ಲಿನ ಡಾಕ್ಟರು, ಮೀಸೆ ಬಾರದ ಹುಡುಗರು
ಇದ್ದೇನಮ್ಮಾ ಎಂದು ಕೈಯೆತ್ತುವರು.
ಬೆಳಿಗ್ಗೆ ಒಳಗಿನವರು ಚಪ್ಪಾಳೆ ತಟ್ಟುವರು,
ದುಡ್ಡು ಕೊಟ್ಟವರಿಗೇ.

ಈ ಸಲ ಪುಟದಲ್ಲಿ ಒಂದೇ ಹೆಸರು.
ಆ ಗಿರಾಕಿಯೂ ಹನ್ನೆರಡೂವರೆಗೆ ಫೋನ್ ಮಾಡಿ
'ಬೇಡ ಬಿಡಿ, ಹಳೆಯದೇ ಸಾಕು' ಅಂದ.
ಇವಳು ಏಳಲಿಲ್ಲ. ಮುಂಗಡ ತಿಂದಿದ್ದೇನೆ, ಇರುತ್ತೇನೆ ಅಂದಳು.
ಎರಡಕ್ಕೆ ಹಾಜರಿ ಕರೆದಳು,
ತಾನೇ ಓಗೊಟ್ಟಳು.

ನಾನು ಕೇಳಿದೆ: ಮುಗಿಯಿತಾ ಇವರ ದರ್ಬಾರು?
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಕೊಟ್ಟಳು.
'ಆಗಲೂ ಹೀಗೇ ಕೇಳುತ್ತಿದ್ದರು, ಪಿಸುಮಾತಲ್ಲಿ.
ಅಂಗಡಿಯಲ್ಲಿ ವಿನೆಗರ್ ಬಾಟಲಿ ಬಿಟ್ಟು ಬೇರೇನಿಲ್ಲದಾಗಲೂ
ಬೈದುಕೊಂಡೇ ನಿಂತೆವು ನಾವು.
ಬೈಯುವ ತನಕ ದೊರೆಗೆ ಭಯವಿಲ್ಲ.
ಜನ ಆಕಳಿಸತೊಡಗಿದರೆ ನೋಡು.'

ಎಂಟಕ್ಕೆ ಬಾಗಿಲು ತೆರೆಯಿತು.
ಒಂದೇ ಬಣ್ಣದ ಅಂಗಿಯ ಹುಡುಗ ಹುಡುಗಿಯರು
ಚಪ್ಪಾಳೆಗೆಂದು ಕೈ ಎತ್ತಿದರು,
ಎತ್ತಿದ ಕೈಗೆ ಕೆಲಸವಿಲ್ಲದೆ
ಕೂದಲು ಸರಿಮಾಡಿಕೊಂಡರು.

ಸಾಲು ಇತ್ತು. ಎದುರು ಬದಿಯಲ್ಲಿ,
ವಿಯೆಟ್ನಾಮಿನ ಖ್ವಾತನ ಗೂಡಂಗಡಿ ಮುಂದೆ.
ಬೀಗದ ಕೈ, ವಾಚಿನ ಪಟ್ಟಿ, ಹಳೇ ಫೋನಿಗೆ ಹೊಸ ಬ್ಯಾಟರಿ.
ಏಳು ಜನ, ಬಿರುಕುಬಿಟ್ಟ ಗಾಜನ್ನು ಕರವಸ್ತ್ರದಲ್ಲಿ ಸುತ್ತಿ,
ಜ್ವರದ ಮಗುವನ್ನು ತಂದವರಂತೆ.

ಗೆನೊವೆಫಾ ಸ್ಟೂಲು ಮಡಚಿದಳು. ರಸ್ತೆ ದಾಟಿದಳು.
ತನ್ನ ಚೀಲದಿಂದಲೂ ಒಂದನ್ನು ತೆಗೆದಳು, ಐದು ವರ್ಷದ್ದು,
ಮಧ್ಯಾಹ್ನದ ಹೊತ್ತಿಗೆ ಉಸಿರುಗಟ್ಟುತ್ತದಂತೆ.
ಅಭ್ಯಾಸಬಲ: ನೋಟುಬುಕ್ಕು ಬಿಡಿಸಿ
ಎಲ್ಲರ ಹೆಸರು ಬರೆದುಕೊಂಡಳು.
ಯಾಕೆಂದು ಯಾರೂ ಕೇಳಲಿಲ್ಲ.

ಮೊದಲನೆಯದಕ್ಕೆ ಜೀವ ಬಂತು.
ಕಪ್ಪು ಗಾಜಿನ ಮೇಲೆ ಬೆಳ್ಳಗೆ ಮೂಡಿತು
ಕಂಪನಿಯ ಗುರುತು,
ಎಂಟೂ ಮುಖಗಳು ಅದರತ್ತ ಬಗ್ಗಿದವು.
ಈಚೆ ಬದಿಯಿಂದ ನೋಡುತ್ತಿದ್ದೆ ನಾನು.
ಯಾರಾದರೂ ಆಕಳಿಸಿದರೇ?
ಅಷ್ಟು ದೂರದಿಂದ ಹೇಳಲಾರೆ.
ಟ್ರಾಮು ಅಡ್ಡ ಬಂತು.