ಎಡಮುರಿ

ಬೆಂಡಿಗೊದ ನನ್ನ ಮನೆಯಲ್ಲಿ ಬದನೆಕಾಯಿ ಸುಡಲು ಬೆಂಕಿಯಿಲ್ಲ.
ಒಲೆ ಅಂದರೆ ಒಂದು ಗಾಜಿನ ಹಲಗೆ,
ಕಾಯುತ್ತದೆ, ಉರಿಯುವುದಿಲ್ಲ.
ಅದಕ್ಕೇ, ಪಕ್ಕದ ಮನೆಯ ನುನ್ಸಿಯೊ
ವೃದ್ಧಾಶ್ರಮಕ್ಕೆ ಹೋದ ವಾರ ಅವನ ಮಗಳು ಕಾರ್ಮೆಲಾ
"ಗ್ರಿಲ್ ಬೇಕಾದರೆ ಒಯ್ಯಿ, ಇಲ್ಲವಾದರೆ ಗುರುವಾರ ಕಸದ ಲಾರಿ" ಅಂದಾಗ
ಒಂದು ಚಕ್ರ ಮುರಿದದ್ದನ್ನು
ಕುಂಟಿಸುತ್ತ ಎಳೆದು ತಂದೆ.

ಖಾಲಿ ಸಿಲಿಂಡರಿನಿಂದ ರೆಗ್ಯುಲೇಟರ್ ಬಿಚ್ಚುವುದೇ ಮೊದಲ ರಗಳೆ.
ಲೋಕದ ನಲ್ಲಿ, ಡಬ್ಬಿ, ಉಪ್ಪಿನಕಾಯಿ ಭರಣಿ
ಯಾವ ಕಡೆ ತಿರುಗಿ ಬಿಟ್ಟುಕೊಡುತ್ತವೋ ಆ ಕಡೆಗೇ ತಿರುಗಿಸಿದೆ.
ಇನ್ನೂ ಬಿಗಿಯಿತು.
ಸ್ಪ್ಯಾನರ್ ಜಾರಿ ಬೆರಳಗೆಣ್ಣು ಸುಲಿಯಿತು.
ಬಾಯಿಂದ ಒಂದು ಬೈಗುಳ,
ಕನ್ನಡದ್ದೇ; ಅದೊಂದು ಮಾತ್ರ ನನಗೆ ಇನ್ನೂ ತಡವರಿಸದೆ ಬರುತ್ತದೆ.

ಆಮೇಲೆ ಹೊಳೆಯಿತು. ಹಿಂದೆ ನುನ್ಸಿಯೊ ಬೇಲಿಯಾಚೆ
ತನಗೆ ತಾನೇ "ಎಡ, ಎಡ" ಎಂದು ಗೊಣಗುತ್ತಿದ್ದದ್ದು.
ಶಂಖಗಳಲ್ಲಿ ಬಲಮುರಿ ಅಪರೂಪ, ಸಿಕ್ಕಿದರೆ ದೇವರ ಪಕ್ಕ ಇಡುತ್ತಾರೆ.
ತಿರುಪುಗಳಲ್ಲಿ ತದ್ವಿರುದ್ಧ:
ಮಿಕ್ಕವೆಲ್ಲ ಬಲಮುರಿ,
ಉರಿಯುವ ಗಾಳಿಯದು ಮಾತ್ರ ಎಡಮುರಿ,
ಯಾರೂ ಮೈಮರೆತು ಬೇರೆ ಯಾವುದನ್ನೋ ಇದಕ್ಕೆ ಜೋಡಿಸದಿರಲೆಂದು.
ಗುಡಿ ಸುತ್ತುವ ದಿಕ್ಕಿಗೆ ತಿರುಗಿಸಿದೆ.
ಕಿರ್ರೆಂದು ಬಿಟ್ಟಿತು. ಹಿತ್ತಾಳೆಯ ಮೈತುಂಬ
ಅವನ ಸ್ಪ್ಯಾನರಿನ ಹಲ್ಲುಗುರುತು.

ಪೆಟ್ರೋಲ್ ಬಂಕಿನಲ್ಲಿ ತುಂಬಿದ ಸಿಲಿಂಡರ್ ಕೊಟ್ಟರು. ಅದರ ಕತ್ತೇ ಬೇರೆ.
ನಿಯಮ ಬದಲಾಗಿದೆಯಂತೆ. ಕೂಡದ ಜಾತಕ.
ಹಾರ್ಡ್‌ವೇರ್ ಅಂಗಡಿಯ ಹುಡುಗ ಲಾಕ್ಲನ್
ಫೋಟೊ ನೋಡಿ ನಕ್ಕ: "ಇದಕ್ಕೆ ಮೂವತ್ತೊಂಬತ್ತು ಡಾಲರ್ ಸುರೀತೀರಾ?
ಹೊಸ ಗ್ರಿಲ್ಲೇ ನೂರೆಪ್ಪತ್ತಕ್ಕಿದೆ."
ಹಳೆಯ ಬೀಡಿನ ತೂಕ ಅವನು ಎತ್ತಿ ನೋಡಿಲ್ಲ, ಪಾಪ.

ಹೊಸದನ್ನು ಹಾಕುವ ಮೊದಲು
ಹಳೆಯದನ್ನು ಚಾಕುವಿನಿಂದ ಮೀಟಿ ತೆರೆದೆ, ಸುಮ್ಮನೆ, ಕುತೂಹಲಕ್ಕೆ.
ಉಸಿರಾಡುವ ತೂತಿಗೆ ಕುಂಬಾರಹುಳ ಮಣ್ಣು ಮೆತ್ತಿ
ಸಂಸಾರ ಮುಗಿಸಿ ಹೊರಟುಹೋಗಿತ್ತು.
ಒಳಗೆ ಒಂದು ಸ್ಪ್ರಿಂಗು,
ಸಂಡಿಗೆಯಗಲದ ರಬ್ಬರಿನ ಪೊರೆ, ಅಂಚಿನಲ್ಲಿ ಸೀಳು.
ಇಷ್ಟೇನಾ!
ಸಿಲಿಂಡರಿನ ಅಷ್ಟೂ ರೋಷವನ್ನು
ದೀಪ ಆರಿಸುವಷ್ಟು ಉಸಿರಿಗೆ ಇಳಿಸುತ್ತಿದ್ದದ್ದು ಇದೇನಾ!

ಇಪ್ಪತ್ತೆರಡು ವರ್ಷದಿಂದ ಹೆರಿಗೆ ವಾರ್ಡಿನ ರಾತ್ರಿಪಾಳಿ ನನ್ನದು.
ಎಷ್ಟು ಪೊರೆ ಹರಿದು ಎಷ್ಟು ನೀರು ನನ್ನ ಬೂಟಿನ ಮೇಲೆ ಹರಿದಿದೆಯೋ.
ಪೊರೆ ಅಂದರೆ ಕಾಪಾಡು ಅಂತಲೂ ಹೌದು.
ಇದನ್ನು ಲಾಕ್ಲನ್‌ಗೆ ಹೇಳುವುದು ಹೇಗೆ?

ಹೊಸದನ್ನು ಕೂರಿಸಿ, ಸೋಪಿನ ನೀರು ಬಳಿದು ಕಾದೆ.
ಗ್ರಿಲ್ಲಿನ ಕಡೆಯ ಕೀಲಿನಲ್ಲಿ ಒಂದು ಗುಳ್ಳೆ.
ಅವಸರವಿಲ್ಲದೆ ಉಬ್ಬಿತು, ಬಣ್ಣ ಪಡೆಯಿತು, ಒಡೆಯಿತು.
ಕಾಲುಸುತ್ತು ಬಿಗಿದು ಮತ್ತೆ ಬಳಿದೆ.
ಏನೂ ಇಲ್ಲ.
ಏನೂ ಆಗದಿರುವುದನ್ನು ಕಣ್ಣಿಟ್ಟು ನೋಡುತ್ತ ಕೂರುವುದು
ನನ್ನ ಕಸುಬಿನಲ್ಲಿ ದೊಡ್ಡ ಸುಖ.

ಕಡ್ಡಿ ಗೀರಿದೆ. ಧಪ್ಪೆಂದು ನೀಲಿ.
ಹಳದಿಯಾಗಿ ತೂಕಡಿಸುತ್ತಿದ್ದ ಉರಿ ಎದ್ದು ಕೂತಿತು.
ಬದನೆಕಾಯಿ ಸಿಪ್ಪೆ ಸೀದು, ಸೊರಗಿ, ಸುಯ್ಯೆಂದು ಬಸಿಯಿತು;
ಬೇಲಿಯ ಮೇಲಿನ ಮ್ಯಾಗ್‌ಪೈ ಎರಡು ಹೆಜ್ಜೆ ಹಿಂದೆ ಸರಿಯಿತು.

ಖಾರ ಕಡಿಮೆ ಮಾಡಿ ಒಂದು ಡಬ್ಬಿ ಗೊಜ್ಜು ನುನ್ಸಿಯೊಗೆ ಒಯ್ದೆ.
"ಯಾವ ಕಡೆ ತಿರುಗಿಸಿದೆ?" ಮೊದಲ ಪ್ರಶ್ನೆ ಅದು.
ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದೆ.
"ಅಲ್ಲ!" ಚಮಚದಲ್ಲಿ ಅವನು ಈ ಕಡೆಗೆ.
ನನ್ನದು ಬಿಚ್ಚುವುದು, ಅವನದು ಬಿಗಿಯುವುದು.
ಇಬ್ಬರೂ ಸರಿ; ಜಗಳ ಹತ್ತು ನಿಮಿಷ ನಡೆಯಿತು.

ಹೊಸ ಸಿಲಿಂಡರಿನದು ಬಲಮುರಿ,
ಸ್ಪ್ಯಾನರೂ ಬೇಡ, ಬರಿಗೈ ಸಾಕು
ಎಂದು ನಾನು ಹೇಳಲಿಲ್ಲ.

"ಉಪ್ಪು ಸಾಲದು," ಅಂದ,
ಡಬ್ಬಿಯ ತಳ ಬಳಿಯುತ್ತ.