ಎಲೆ ಕಡಿಮೆ ಬಂದ ವಾರ

ಎಡಕ್ಕೆ ಹೊರಳಿ ಮಲಗಿ, ಅಂದೆ.
ಜಲಜ ತಿಂಗಳಾಯ, ಅರವತ್ತೆರಡು, ಮಲ್ಪೆ. ಮೀನು ವ್ಯಾಪಾರ.
ಎಕೋದ ಜೆಲ್ ತಣ್ಣಗೆ ತಾಗಿದರೆ ಎಲ್ಲರೂ ಬೆಚ್ಚುತ್ತಾರೆ.
ನಲವತ್ತು ವರ್ಷ ಮಂಜುಗಡ್ಡೆಯೊಳಗೆ ಕೈಯಿಟ್ಟವರು
ಬೆಚ್ಚಲಿಲ್ಲ.

ಪರದೆಯಲ್ಲಿ ಬೂದುಬಣ್ಣದ ಹೃದಯ.
ಹಿಂಗೋಡೆ ದುಡಿಯುತ್ತಿದೆ. ಪಕ್ಕದ್ದು ಪರವಾಗಿಲ್ಲ.
ಮುಂಗೋಡೆ ಮಾತ್ರ
ಕೈರಂಪಣಿಯ ಹಗ್ಗ ಹಿಡಿದೂ ಬಲ ಹಾಕದವನ ಹಾಗೆ
ಉಳಿದವರು ಎಳೆದತ್ತ ಸುಮ್ಮನೆ ವಾಲುತ್ತಿದೆ.

"ಆ ಕಡೆ ಸತ್ತಿದೆಯಾ?" ಕೇಳಿದರು,
ಬೇರೆಯವರ ಬುಟ್ಟಿಯ ಬಂಗುಡೆಯ
ಕಿವಿರು ಎತ್ತಿ ನೋಡುವಾಗಿನ ದನಿಯಲ್ಲಿ.
ಸತ್ತದ್ದು ತೆಳ್ಳಗಾಗುತ್ತದೆ, ಹೊಳೆಯುತ್ತದೆ, ಹಳೆಯ ಗಾಯದಂತೆ.
ಇದರ ದಪ್ಪ ಇನ್ನೂ ಉಂಟು.
ನಾನು ಹೇಳಲಿಲ್ಲ. ಹೇಳುವುದು ಡಾಕ್ಟರರ ಕೆಲಸ.

ಯಾವಾಗಿನಿಂದ ಉಬ್ಬಸ?
ಉಬ್ಬಸ ಎಂತದ್ದೂ ಇಲ್ಲ ಮಾರಾಯ್ತಿ,
ಬುಟ್ಟಿ ಅರ್ಧ ಮಾಡಿದೆ, ಅಷ್ಟೆ.
ಏರಿನ ಮೇಲಿನ ನಾಲ್ಕು ಮನೆ ಬಿಟ್ಟೆ.
ದಕ್ಕೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಾಗ ನಡುವೆ ಒಮ್ಮೆ ಕೂರ್ತೇನೆ,
ಗೂಡಂಗಡಿಯವ ಸ್ಟೂಲು ಇಡ್ತಾನೆ.
ಪ್ರಾಯ ಆಯ್ತಲ್ಲ.

ಹೀಗೆ, ಕೇಳದೆ ಹೇಳದೆ, ಒಬ್ಬರಿಗೊಬ್ಬರು ಹೊಂದಿಕೊಂಡಿದ್ದರು,
ಆ ಹೆಂಗಸೂ ಆ ಗೋಡೆಯೂ.

ನಮ್ಮಮ್ಮ ಬೀಡಿ ಕಟ್ಟುತ್ತಿದ್ದಳು, ಕಟಪಾಡಿಯಲ್ಲಿ.
ಬ್ರಾಂಚಿನವರು ಕೆಲವು ವಾರ ಎಲೆ ಅರ್ಧವೇ ಕೊಡುವರು,
ಹೊಗೆಸೊಪ್ಪು ಅದಕ್ಕೂ ಕಡಿಮೆ.
ಅಂಥ ವಾರ ಅವಳ ಬೆರಳು ತಾನಾಗಿಯೇ ನಿಧಾನವಾಗುತ್ತಿತ್ತು.
ಸಾವಿರ ಕಟ್ಟುವವಳು ಮುನ್ನೂರು.
ಗಂಜಿಗೆ ನೀರು ಹೆಚ್ಚು, ದೀಪ ಬೇಗ ಆರುವುದು,
ಮಾತೂ ಕಡಿಮೆ.
ಆದರೆ ತಡ್ಪೆ ಮಡಿಲಿನಿಂದ ಇಳಿಯಲಿಲ್ಲ,
ಕತ್ತರಿಗೆ ತುಕ್ಕು ಹಿಡಿಯಲಿಲ್ಲ.
ನೆರೆಯವರು ಉದಾಸೀನ ಅಂದರು.
ಇದ್ದಷ್ಟರಲ್ಲಿ ಜೀವ ಹಿಡಿದುಕೊಳ್ಳುವುದಕ್ಕೆ
ಅವರ ಬಳಿ ಬೇರೆ ಶಬ್ದ ಇರಲಿಲ್ಲ.

ಎರಡು ದಿನ ಬಿಟ್ಟು ಇನ್ನೊಂದು ಪರೀಕ್ಷೆ.
ಡ್ರಿಪ್ಪಿನಲ್ಲಿ ಔಷಧ, ತುಸು ತುಸುವೇ.
ಐದಕ್ಕೆ ಏನೂ ಇಲ್ಲ.
ಹತ್ತಕ್ಕೆ
(ತಪ್ಪು ನೋಡಿದೆನೋ ಎಂದು ಪ್ರೋಬು ಸರಿಸಿ ಮತ್ತೆ ಇಟ್ಟೆ)
ಮುಂಗೋಡೆ ಒಳಕ್ಕೆ ಮಡಚಿತು,
ಮೊದಲ ಎಲೆಯನ್ನು ಸುರುಳಿ ಸುತ್ತುವ ಬೆರಳಿನಂತೆ.
ಇನ್ನೂ ಏರಿಸಿದಾಗ ಸುಸ್ತಾಗಿ ಮಲಗಿಬಿಟ್ಟಿತು:
ಕೆಲಸ ಕೇಳ್ತೀರಿ, ಎಲೆ ಎಲ್ಲಿ?
ಡಾಕ್ಟರರು ನಗುವುದು ಅಪರೂಪ.
"ರಕ್ತ ಮುಟ್ಟಿಸಿದರೆ ಏಳ್ತದೆ ಇದು," ಅಂದರು.

ಆಟಿಯಲ್ಲಿ, ಬೋಟುಗಳೆಲ್ಲ ಮಲ್ಪೆಯಲ್ಲಿ ಕಟ್ಟಿ ನಿಂತಿದ್ದಾಗ,
ಎದೆ ತೆರೆದರು. ಕಾಲಿನಿಂದ ತೆಗೆದ ನಾಳ ಹೊಲಿದರು.
ಮರುದಿನವೇ ಎದ್ದಿತೆಂದು ಸುಳ್ಳು ಹೇಳಲಾರೆ.
ಸೋಣದಲ್ಲಿ ತೆಗೆದ ಚಿತ್ರದಲ್ಲೂ ಅದೇ ವಾಲಾಟ.
ಪೂರ್ತಿ ಕಟ್ಟು ಎಲೆ ಬಂದ ದಿನ
ಅಮ್ಮನ ಬೆರಳೂ ಮರಗಟ್ಟಿ ತಡವರಿಸಿ,
ಬಿಚ್ಚಿಹೋದ ಬೀಡಿಗೆ ಅವಳು ಬೈದದ್ದು ನೆನಪಾಯಿತು.

ಡಿಸೆಂಬರಿನಲ್ಲಿ ಬಂದರು,
ಪೇಪರಿನಲ್ಲಿ ಸುತ್ತಿದ ಒಣ ಸಿಗಡಿ ಹಿಡಿದು.
ಕೋಣೆಗೆಲ್ಲ ವಾಸನೆ. ನರ್ಸು ಕಿಟಕಿ ಹುಡುಕಿದಳು,
ಎಸಿ ಕೋಣೆ, ಕಿಟಕಿಯಿಲ್ಲ.
ಪರದೆಯಲ್ಲಿ ಮುಂಗೋಡೆ ಹಗ್ಗ ಎಳೆಯುತ್ತಿತ್ತು,
ಹಿಂಗೋಡೆಯಷ್ಟಲ್ಲ, ಆದರೂ ಕಾಲೂರಿ.
ತುದಿಯಲ್ಲಿ ಮಾತ್ರ, ಉಗುರಿನಷ್ಟು, ಹೊಳೆಯುವ ಬಿಳಿ.

ಅದು ಏಳುವುದಿಲ್ಲ, ಅಂದೆ.
ಈ ಸಲ ನಾನೇ ಹೇಳಿದೆ.
ಕತ್ತು ಹೊರಳಿಸಿ ತುಂಬಾ ಹೊತ್ತು ನೋಡಿದರು.
"ಅದರಷ್ಟಕ್ಕೆ ಅದನ್ನು ಬಿಡಿ.
ಬುಟ್ಟಿ ಈಗ ಮುಕ್ಕಾಲು ಹೊರ್ತೇನೆ."
ಜೆಲ್ ಒರೆಸಲು ನಾಲ್ಕು ಟಿಶ್ಯೂ ಕೊಟ್ಟಿದ್ದೆ.
ಒಂದರಲ್ಲೇ ಒರೆಸಿಕೊಂಡು
ಉಳಿದ ಮೂರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.