ಮೊಯ್ದು ಕಾಕನ ಅಂದಾಜು

ಮೆಣಸಿನ ಬಳ್ಳಿಯ ಬುಡದಲ್ಲಿ ಕತ್ತೆತ್ತಿ, ಒಂದು ಕಣ್ಣು ಮುಚ್ಚಿ
‘ಒಣಗಿ ನಾಲ್ಕು ಕಿಲೋ’ ಎನ್ನುತ್ತಿದ್ದರು
ಸುಂಟಿಕೊಪ್ಪದ ಮೊಯ್ದು ಕಾಕ.
ತಕ್ಕಡಿ ಎದುರಾಡಿದ್ದು ಕಡಿಮೆ.

ಈಗ ಮಡಿಕೇರಿಯಲ್ಲಿ, ನನ್ನ ಪರದೆಯ ಮೇಲೆ
ಮೈಸೂರಿನಿಂದ ಬಂದ ಅವರದೇ ಮೈ:
ಬೂದು ಮಂಜು; ಕುತ್ತಿಗೆಗೆ, ಕಂಕುಳಿಗೆ ಕರಿಗೊಂಚಲು.
ಪಕ್ಕದಲ್ಲಿ, ಎರಡು ಕೀಮೋ ಆದಮೇಲಿನದು.
ಕಂಕುಳು ಖಾಲಿ.
ಕುತ್ತಿಗೆಯಲ್ಲೊಂದು ಕಾಳು ಉಳಿದಿದೆ.
ಲಿವರಿನ ಬಣ್ಣಕ್ಕಿಂತ ಕಪ್ಪೋ, ತೆಳುವೋ?
ಅಷ್ಟರ ಮೇಲೆ ಮೂರೋ ನಾಲ್ಕೋ ಎಂಬ ಅಂಕಿ,
ಅಂಕಿಯ ಮೇಲೆ ಅವರ ಮುಂದಿನ ವರ್ಷಗಳು.

‘ಎಷ್ಟು ಬರಬಹುದು ಡಾಕ್ಟ್ರೇ?’
ಫಸಲು ಕೇಳುವ ದನಿ.
ಹಿಂದೆಮುಂದೆ ಎಳೆದು, ಮತ್ತೆ ನೋಡಿ
ಮೂರು ಎಂದೆ. ಒಳ್ಳೆಯದೇ, ಎಂದೆ.

ಪರದೆಗೆ ಬಾಗಿ ಕಾಕ ಒಂದು ಕಣ್ಣು ಮುಚ್ಚಿದರು.
‘ನಾನಾದರೆ ಸ್ವಲ್ಪ ಕಳೆದೇ ಹೇಳುತ್ತಿದ್ದೆ.
ಹಕ್ಕಿ ತಿನ್ನುತ್ತದಲ್ಲ.’